ಜೇಸನ್ ರೆಕ್ಕೆಗೆ ಅಂಗಿಯ ಬಟ್ಟೆ

ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಹಸಿರು ಬಣ್ಣದ ಪುಟ್ಟ ವಿಮಾನವೊಂದಿದೆ. 1928ರ ಜಿಪ್ಸಿ ಮಾತ್, ನೋಂದಣಿ ಜಿ-ಎಎಎಎಚ್, ಹೆಸರು ಜೇಸನ್. ಏಮಿ ಜಾನ್ಸನ್ 1930ರ ಮೇ 5ರಂದು ಇದರಲ್ಲಿ ಕ್ರಾಯ್ಡನ್‌ನಿಂದ ಒಬ್ಬಳೇ ಹೊರಟು, ಮೇ 24ಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದಳು. ನೋಡುಗರು ಏಮಿಯ ಹೆಸರು ಓದಿ ಮುಂದಕ್ಕೆ ಹೋಗುತ್ತಾರೆ. ಹಳೆಯ ವಿಮಾನಗಳಿಗೆ ಆಗುವ ಅನ್ಯಾಯವೇ ಇದು: ಎಲ್ಲ ಕೀರ್ತಿಯೂ ಓಡಿಸಿದವರಿಗೆ.

ಜೇಸನ್ ಕೊಂಡದ್ದು ಸೆಕೆಂಡ್ ಹ್ಯಾಂಡ್. ಅದಕ್ಕೂ ಮೊದಲು ಅದು ಏರ್ ಟ್ಯಾಕ್ಸಿಯಾಗಿ ದುಡಿದಿತ್ತು. ಬೆಲೆ 600 ಪೌಂಡ್. ಅರ್ಧ ತಂದೆ ಕೊಟ್ಟರೆ, ಉಳಿದರ್ಧ ಕ್ಯಾಸ್ಟ್ರಾಲ್ ಎಣ್ಣೆಯ ಧಣಿ ಲಾರ್ಡ್ ವೇಕ್‌ಫೀಲ್ಡ್ ಕೊಟ್ಟರು. ಹೆಸರು ಗ್ರೀಕ್ ಪುರಾಣದ ವೀರನದ್ದೆಂದು ಯಾರಾದರೂ ಭಾವಿಸಿಯಾರು. ನೇರವಾಗಿ ಬಂದದ್ದು ಅವಳ ಮನೆಯವರ ಮೀನು ವ್ಯಾಪಾರದ ಟ್ರೇಡ್‌ಮಾರ್ಕ್‌ನಿಂದ!

ನೋಂದಣಿ ಪತ್ರ ನೋಡಿದರೆ ಮಾಲೀಕರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಇಂಥ ವಿಮಾನದ ಚರಿತ್ರೆ ಇರುವುದು ರಿಪೇರಿಯಲ್ಲಿ. ಕರಾಚಿ ದಾಟಿದ ಮೇಲೆ ಪೆಟ್ರೋಲ್ ಸಾಲದೆ ಏಮಿ ಝಾನ್ಸಿಯ ಸೇನಾ ಪರೇಡ್ ಮೈದಾನದಲ್ಲಿ ಇಳಿದಳು. ರೆಕ್ಕೆಗೆ ಪೆಟ್ಟಾಯಿತು. ಅದನ್ನು ಸರಿಮಾಡಿದ್ದು ಅಲ್ಲಿನ ಬಡಗಿ. ರಂಗೂನಿನ ಬಳಿ ಕಷ್ಟ ಇನ್ನೂ ದೊಡ್ಡದು. ರೇಸ್‌ಕೋರ್ಸ್‌ನಲ್ಲಿ ಇಳಿಯಬೇಕಾದವಳು ಮಳೆಯಲ್ಲಿ ದಿಕ್ಕು ತಪ್ಪಿ, ಇನ್ಸೀನ್‌ನ ತಾಂತ್ರಿಕ ಸಂಸ್ಥೆಯ ಆಟದ ಮೈದಾನಕ್ಕೆ ಇಳಿದಳು. ವಿಮಾನ ಹಳ್ಳಕ್ಕೆ ನುಗ್ಗಿತು, ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು. ಬದಲಿ ಪ್ರೊಪೆಲ್ಲರನ್ನು ವಿಮಾನದ ಪಕ್ಕೆಗೇ ಕಟ್ಟಿಕೊಂಡು ಬಂದಿದ್ದಳು. ಬಟ್ಟೆ ಮಾತ್ರ ಇರಲಿಲ್ಲ. ಯುದ್ಧಕಾಲದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು. ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಕೈಜೋಡಿಸಿದರು. ಮುಂದೆ ಜಾವಾದಲ್ಲಿ ಬಿದಿರಿನ ಗೂಟ ಚುಚ್ಚಿ ಆದ ತೂತುಗಳಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್!

ಹಾರಾಡುವ ವಿಮಾನಕ್ಕೆ ಮೈ ಶಾಶ್ವತವಲ್ಲ. ಬಟ್ಟೆ ಹಳತಾದರೆ ಬದಲಿಸಲೇಬೇಕು, ಕೊಳೆತ ಮರ ತೆಗೆಯಲೇಬೇಕು. ಸುರಕ್ಷತೆಯ ವಿಷಯದಲ್ಲಿ ಚೌಕಾಸಿ ಇಲ್ಲ. ಹಾಗಾಗಿ ಹಳೆಯ ವಿಮಾನವನ್ನು ಹೊಳೆಯುವಂತೆ ಮಾಡಿ ಹಾರಿಸುವವರನ್ನು ದೂರಬೇಕಿಲ್ಲ. ಕೇಳಬೇಕಾದ್ದು, ಬದಲಿಸಿದ್ದರ ಲೆಕ್ಕ ಎಲ್ಲಿ ಎಂದು. ವಿಮಾನದ ಒಡಲಿಗೊಂದು, ಎಂಜಿನ್‌ಗೊಂದು ಲಾಗ್ ಪುಸ್ತಕ ಇರುತ್ತದೆ. ಯಾವ ದಿನ ಎಷ್ಟು ಗಂಟೆ ಹಾರಿತು, ಏನು ಮುರಿಯಿತು, ಯಾರು ಸಹಿ ಹಾಕಿದರು ಎಲ್ಲವೂ ಅದರಲ್ಲಿ.

ಈ ಮಾತು ಬೆಂಗಳೂರಿಗೂ ಸಲ್ಲುತ್ತದೆ. ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. ಎರಡು ಸೀಟು, 90 ಅಶ್ವಶಕ್ತಿ, ಬಟ್ಟೆ ಹೊದಿಸಿದ ಮೈ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಇದರಲ್ಲೇ. ಅಲ್ಲಲ್ಲಿ ಒಂದೊಂದನ್ನು ಪ್ರದರ್ಶನಕ್ಕೆ ಉಳಿಸಿಕೊಂಡರೆ ಸಾಲದು. ಗುಜರಿಗೆ ಹೋದ ವಿಮಾನಗಳ ಲಾಗ್ ಪುಸ್ತಕಗಳು ಕ್ಲಬ್‌ಗಳ ಬೀರುಗಳಲ್ಲಿ ಉಳಿದಿದ್ದರೆ ಅವನ್ನು ಒಂದೆಡೆ ತರಿಸಿ, ಸ್ಕ್ಯಾನ್ ಮಾಡಿಸಿ, ಬೇಕಾದವರು ಓದುವಂತೆ ಇಡಬೇಕು. ಹಳೆ ಏರೋಡ್ರೋಮ್ ಇರುವ, ವಿಮಾನ ಕಟ್ಟುವ ಊರಿಗೆ ಇದೇನು ದೊಡ್ಡ ಖರ್ಚಲ್ಲ. ಎಚ್‌ಎಎಲ್‌ಗೆ ಬೆಂಗಳೂರಿನಲ್ಲಿ ತನ್ನದೇ ಮ್ಯೂಸಿಯಂ ಕೂಡ ಇದೆ.