ಪಡಿತರದ ಅಕ್ಕಿಗೆ ಅಜ್ಜಿಯರ ಕಾಲವೇ ಸಾಕ್ಷಿ

ಉಚಿತ ಅಕ್ಕಿಯ ಮಾತು ಬಂದಾಗಲೆಲ್ಲ ಚೆನ್ನೈನ ನಮ್ಮ ಕನ್ನಡ ಮನೆಗಳಲ್ಲೂ ಒಂದು ವಾದ ತಪ್ಪದೆ ಕೇಳಿಬರುತ್ತದೆ: ‘ನಮ್ಮ ಅಜ್ಜ-ಅಜ್ಜಿಯರು ಯುದ್ಧದ ಕಾಲದಲ್ಲಿ ಅರೆಹೊಟ್ಟೆ ಉಂಡು ಬೆಳೆದರು, ಯಾರ ಮುಂದೆಯೂ ಕೈಚಾಚಲಿಲ್ಲ. ಈಗಿನವರಿಗೆ ಎಲ್ಲವೂ ಬಿಟ್ಟಿಯಾಗಿ ಬೇಕು.’ 2022ರ ಜುಲೈನಲ್ಲಿ ಪ್ರಧಾನಿ, ಉಚಿತ ಕೊಡುಗೆ ಹಂಚುವ ‘ರೇವಡಿ ಸಂಸ್ಕೃತಿ’ಯನ್ನು ಟೀಕಿಸಿದರು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು, ಉಚಿತ ಪಡಿತರದಿಂದ ಜನ ದುಡಿಯಲು ಮುಂದೆ ಬರುತ್ತಿಲ್ಲ ಎಂದಿತು. ಕರ್ನಾಟಕದಲ್ಲಂತೂ ‘ಬಿಟ್ಟಿ ಭಾಗ್ಯ’ ಎಂಬ ಹೀಗಳಿಕೆ ದಿನದ ಮಾತಾಗಿದೆ. ಈ ವಾದಕ್ಕೆ ಹಿರಿಯರ ಬಾಲ್ಯವನ್ನು ಸಾಕ್ಷಿಗೆ ಕರೆಯುವವರು ಆ ಬಾಲ್ಯದ ಅರ್ಧ ಕತೆಯನ್ನು ಮಾತ್ರ ಹೇಳುತ್ತಿದ್ದಾರೆ.

ಪೂರ್ತಿ ಕತೆ ಹೀಗಿದೆ. 1942ರ ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಎರಗಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡದ ಮೇಲೆ. ಮುಂದಿನ ಸರದಿ ಮದರಾಸಿನದೆಂದು ನಗರ ನಡುಗಿತು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೋದವು, ಮೃಗಾಲಯದ ಹುಲಿ-ಸಿಂಹಗಳನ್ನು ಗುಂಡಿಟ್ಟು ಕೊಂದರು, ಅನಿವಾರ್ಯವಲ್ಲದವರು ಊರು ಬಿಡಿ ಎಂದು ಸರ್ಕಾರವೇ ಹೇಳಿತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಮಂಗಳೂರಿನ ರೈಲು ಹತ್ತಿ ತವರಿಗೆ ಹೊರಟ ಮಕ್ಕಳಲ್ಲಿ ನನ್ನ ಅಜ್ಜಿಯೂ ಒಬ್ಬರು.

ಬಾಂಬಿನ ಭಯ ಹೆಚ್ಚು ದಿನ ಉಳಿಯಲಿಲ್ಲ, ಊರು ಬಿಟ್ಟವರು ಮರಳಿದರು. ಉಳಿದದ್ದು ಹಸಿವು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾದಾಗ ಬರ್ಮಾದ ಅಕ್ಕಿ ನಿಂತಿತು. ಆ ಅಕ್ಕಿಯನ್ನು ನಂಬಿದ್ದ ಕರಾವಳಿಗಳಲ್ಲಿ ಬೆಲೆ ಕೈಗೆಟುಕದಂತಾಯಿತು. 1943ರ ಬಂಗಾಳದ ಕ್ಷಾಮ ಸುಮಾರು 30 ಲಕ್ಷ ಜನರನ್ನು ನುಂಗಿತು. ತಿರುವಾಂಕೂರು, ಮಲಬಾರಿನಲ್ಲೂ ಜನ ಹಸಿವು, ಕಾಲರಾಗಳಿಗೆ ಬಲಿಯಾದರು. ಬಂಗಾಳದಲ್ಲಿ ಅನ್ನ ಪೂರ್ತಿ ಇಲ್ಲವಾಗಿರಲಿಲ್ಲ, ಬಡವರ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿ ಇಲ್ಲವಾಗಿತ್ತು ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ವಿವರವಾಗಿ ತೋರಿಸಿದರು.

1943ರಲ್ಲೇ ಆಹಾರಧಾನ್ಯ ನೀತಿಗಾಗಿ ಸರ್ಕಾರ ನೇಮಿಸಿದ್ದ ಗ್ರೆಗರಿ ಸಮಿತಿ, ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ಪಡಿತರ ಜಾರಿಯಾಗಲಿ ಎಂದು ಶಿಫಾರಸು ಮಾಡಿತು. ಮದರಾಸಿನ ಬಂಗಲೆಗೂ ಗುಡಿಸಲಿಗೂ ಕಾರ್ಡು ಬಂತು. ಪಡಿತರದ ಅಕ್ಕಿಯಲ್ಲಿ ಕಲ್ಲು ಆರಿಸಿದ್ದನ್ನು ಅಜ್ಜಿ ಹೇಳುತ್ತಿದ್ದರು; ಆದರೂ ಅದು ಸಿಕ್ಕೇ ಸಿಗುತ್ತದೆಂಬ ಧೈರ್ಯ ಮನೆಯಲ್ಲಿತ್ತು ಎಂದೂ ಹೇಳುತ್ತಿದ್ದರು. ಅವರ ಪೀಳಿಗೆ ಕೈಚಾಚಲಿಲ್ಲ ಎಂಬುದು ಸುಳ್ಳು. ಸಾಲಿನಲ್ಲಿ ನಿಂತು ಸರ್ಕಾರದ ಅಕ್ಕಿ ತಂದರು, ಅದರಿಂದ ಅವರ ಮಾನವೇನೂ ಹೋಗಲಿಲ್ಲ.

1952ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಆಹಾರಧಾನ್ಯದ ನಿಯಂತ್ರಣ ತೆಗೆದಾಗ ಜನ ಹಿಗ್ಗಿದ್ದು ನಿಜ. ಆದರೆ ಅರವತ್ತರ ದಶಕದಲ್ಲಿ ಅಕ್ಕಿ ಮತ್ತೆ ದುಬಾರಿಯಾದಾಗ ಜನರ ಸಿಟ್ಟು ಸರ್ಕಾರವನ್ನೇ ಉರುಳಿಸಿತು. 1967ರಲ್ಲಿ ರೂಪಾಯಿಗೆ ಮೂರು ಪಡಿ ಅಕ್ಕಿಯ ಭರವಸೆ ಕೊಟ್ಟ ಡಿಎಂಕೆ ನಾಯಕ ಅಣ್ಣಾದೊರೆ ಚುನಾವಣೆ ಗೆದ್ದರು. ಇಂದು ತಮಿಳುನಾಡಿನಲ್ಲಿ ಪಡಿತರ ಎಲ್ಲರಿಗೂ ತೆರೆದಿದೆ, 2011ರ ಜೂನ್‌ನಿಂದ ಅಕ್ಕಿ ಉಚಿತ. 2022ರಲ್ಲಿ ಆರಂಭವಾದ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಗು ಬೆಳಗಿನ ತಿಂಡಿ ತಿಂದು ಪಾಠಕ್ಕೆ ಕೂರುತ್ತದೆ. ಯುದ್ಧಕಾಲದ ಬಾಲ್ಯಕ್ಕೂ ಇಂದಿನ ಬಾಲ್ಯಕ್ಕೂ ಇರುವ ದೊಡ್ಡ ಅಂತರ ಇದೇ. ಇದನ್ನು ಕಂಡು ಹೆಮ್ಮೆಪಡಬೇಕಾದವರು ಹಂಗಿಸುತ್ತಿದ್ದಾರೆ.

ಜನ ಸೋಮಾರಿಗಳಾಗುತ್ತಾರೆ ಎನ್ನುವವರು ಲೆಕ್ಕ ಹಾಕಲಿ. ನಾಲ್ವರ ಮನೆಗೆ ತಿಂಗಳಿಗೆ 20 ಕಿಲೋ ಎಂದರೆ ತಲೆಗೆ ದಿನಕ್ಕೆ ಸುಮಾರು 165 ಗ್ರಾಂ. ಬೇಳೆ, ಎಣ್ಣೆ, ಬಾಡಿಗೆ, ಬಸ್ ಚಾರ್ಜು, ಔಷಧಿ ಎಲ್ಲಕ್ಕೂ ದುಡಿಯಲೇಬೇಕು. ಇಷ್ಟು ಅಕ್ಕಿ ನಂಬಿ ಯಾವ ಕಟ್ಟಡ ಕಾರ್ಮಿಕ, ಯಾವ ಮನೆಗೆಲಸದ ಹೆಂಗಸು ಕೆಲಸ ಬಿಡುತ್ತಾರೆ? ಸಿಗುವುದು ಒಂದಿಷ್ಟು ಧೈರ್ಯ, ಅಷ್ಟೆ: ಕೂಲಿ ತೀರಾ ಕಡಿಮೆಯಾದರೆ ಒಲ್ಲೆ ಎನ್ನಬಹುದು. ಹಲವರಿಗೆ ಚುಚ್ಚುತ್ತಿರುವುದೂ ಅದೇ ಎಂಬುದು ನನ್ನ ಅನುಮಾನ.

ಪಡಿತರದ ಅಕ್ಕಿ ಕಳ್ಳದಾರಿಯಲ್ಲಿ ಗಡಿ ದಾಟುತ್ತದೆ, ಅಳತೆಯಲ್ಲಿ ಮೋಸವಾಗುತ್ತದೆ. ಇವು ನಿಜವಾದ ರೋಗಗಳು, ಕಳ್ಳನನ್ನು ಹಿಡಿಯಬೇಕು. ಕಳ್ಳನ ಹೆಸರಿನಲ್ಲಿ ಉಣ್ಣುವವರ ತಟ್ಟೆ ಕಸಿಯುವುದು ನ್ಯಾಯವಲ್ಲ. ಚುನಾವಣೆಗೆ ಹಂಚುವ ಮಿಕ್ಸಿ, ಟಿವಿಗಳ ಬಗ್ಗೆ ಚರ್ಚೆ ನಡೆಯಲಿ. ಅನ್ನವನ್ನು ಆ ಪಟ್ಟಿಗೆ ಸೇರಿಸುವುದು ಬೇಡ.

ಹಸಿವು ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ನಮ್ಮ ಹಿರಿಯರು ದೊಡ್ಡವರಾದದ್ದು ಹಸಿವಿನಿಂದಲ್ಲ, ಹಸಿವಿದ್ದರೂ. ಹಾಗಾಗಿ ಚೆನ್ನೈಯೂ ಬೆಂಗಳೂರೂ ಮಾಡಬೇಕಾದ್ದು ಕಾರ್ಡುಗಳನ್ನು ರದ್ದುಮಾಡುವ ಕೆಲಸವಲ್ಲ. ಅಕ್ಕಿಯ ಗುಣಮಟ್ಟ ಏರಲಿ, ಬೇಳೆ-ಎಣ್ಣೆ ತಪ್ಪದೆ ಬರಲಿ, ಅಂಗಡಿಯ ದಾಸ್ತಾನು ಜನರ ಕಣ್ಣಿಗೆ ಕಾಣಲಿ. ಹಿರಿಯರ ಕಷ್ಟಕ್ಕೆ ಗೌರವ ಸಲ್ಲಿಸುವ ಮನಸ್ಸಿದ್ದರೆ, ಆ ಕಷ್ಟ ಇನ್ನೊಂದು ಮಗುವಿಗೆ ಬರದಂತೆ ನೋಡಿಕೊಳ್ಳುವುದೇ ಅದಕ್ಕೆ ದಾರಿ.