ಗಡುವು ಇದೆ, ಕೇಳಲು ಹಿರಿಯರಿಲ್ಲ

ಎಂಬಿಬಿಎಸ್ ಓದಿದವರು ಒಂದು ವರ್ಷ ಹಿರಿಯ ವೈದ್ಯರ ಕೈಕೆಳಗೆ ದುಡಿಯದೆ ಸ್ವತಂತ್ರವಾಗಿ ಔಷಧಿ ಚೀಟಿ ಬರೆಯುವಂತಿಲ್ಲ. ಎಂಎಸ್‌ಡಬ್ಲ್ಯೂ ಮುಗಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಗುತ್ತಿಗೆ ಮೇಲೆ ಸೇರಿದ ಇಪ್ಪತ್ತಮೂರರ ಹುಡುಗಿಗೆ ಅಂಥ ವರ್ಷವಿಲ್ಲ. ಮಗುವೊಂದು ಮನೆಗೆ ಮರಳಬೇಕೋ ಬಾಲಮಂದಿರದಲ್ಲೇ ಉಳಿಯಬೇಕೋ ಎಂದು ತೀರ್ಮಾನಿಸಲು ಆಧಾರವಾಗುವ ವರದಿಯನ್ನು ಆಕೆ ಸೇರಿದ ವಾರವೇ ಬರೆಯಬೇಕಾಗಿ ಬರಬಹುದು. ಇದನ್ನು ಸಹಜವೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ ಎಂಬುದೇ ನನ್ನ ತಕರಾರು.

2015ರ ಬಾಲನ್ಯಾಯ ಕಾಯ್ದೆ ಸಾಮಾಜಿಕ ತನಿಖೆಗೆ 15 ದಿನ ಕೊಡುತ್ತದೆ, ಮಕ್ಕಳ ಕಲ್ಯಾಣ ಸಮಿತಿಯ ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ಗಡುವು ಬೇಕು, ಬೇಡವೆನ್ನಲಾರೆ. ಆದರೆ ಆ 15 ದಿನದಲ್ಲಿ ನಡೆಯುವುದೇನು? ಮನೆಗೆ ಹೋದರೆ ಅಪ್ಪ ಕೈಮುಗಿದು ಕೂರಿಸುತ್ತಾನೆ. ಪಕ್ಕದ ಮನೆಯವರು ಬೇರೆಯೇ ಕಥೆ ಹೇಳುತ್ತಾರೆ. ಅಂಗನವಾಡಿ ಟೀಚರ್ ‘ನನ್ನ ಹೆಸರು ಬರೀಬೇಡಿ’ ಎನ್ನುತ್ತಾರೆ. ಮಗು ಚಿಕ್ಕಪ್ಪನ ಎದುರು ಬಾಯಿ ಬಿಡುವುದಿಲ್ಲ. ಯಾರ ಮಾತನ್ನು ನಂಬುವುದು? ವರದಿಯ ನಮೂನೆಯಲ್ಲಿ ಕುಟುಂಬದ ಆದಾಯಕ್ಕೆ ಕಾಲಂ ಇದೆ, ಈ ಪ್ರಶ್ನೆಗೆ ಇಲ್ಲ. ಹತ್ತು ವರ್ಷ ಊರೂರು ಅಲೆದವರೊಬ್ಬರು ಜೊತೆಗಿದ್ದರೆ ಕೇಳುತ್ತಿದ್ದರು: ‘ಮಗೂನ ಬೇರೆ ಕೂರಿಸಿ ಮಾತಾಡಿಸಿದೆಯೇನಮ್ಮಾ? ಶಾಲೆಯ ಹಾಜರಿ ಪುಸ್ತಕ ನೋಡಿದೆಯಾ? ಅಜ್ಜಿ ಮನೆ ಯಾವೂರಲ್ಲಿದೆ?’ ಈ ಮೂರು ಪ್ರಶ್ನೆಗೆ ವರದಿಯೇ ಬದಲಾಗುತ್ತದೆ.

ಕಾಯ್ದೆಯ ತರಬೇತಿ ಶಿಬಿರಗಳು ಇಲ್ಲವೆಂದಲ್ಲ. ಪವರ್‌ಪಾಯಿಂಟ್, ಮಧ್ಯಾಹ್ನದ ಊಟ, ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಮರುದಿನದ ಪ್ರಕರಣಕ್ಕೆ ಫೋನ್ ಮಾಡಿ ಕೇಳಬಹುದಾದ ಮನುಷ್ಯರು ಮಾತ್ರ ಇರುವುದಿಲ್ಲ.

‘ಎರಡು ವರ್ಷ ಫೀಲ್ಡ್‌ವರ್ಕ್ ಮಾಡಿದ್ದಾರಲ್ಲ, ಇನ್ನೇನು ಬೇಕು?’ ಎನ್ನುವವರಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ತಪ್ಪಾದರೆ ಹೋಗುವುದು ಅಂಕ. ಇಲ್ಲಿ ಸಹಿ ಆಕೆಯದು, ಹೊಡೆತ ತಿನ್ನುವುದು ಮಗು. ‘ಗುತ್ತಿಗೆಯವರು, ಇವತ್ತಲ್ಲ ನಾಳೆ ಹೋಗುತ್ತಾರೆ, ಅವರಿಗೇಕೆ ಇಷ್ಟು?’ ಎಂಬ ವಾದವಂತೂ ನಾಚಿಕೆಗೇಡು. ಅಷ್ಟು ಕಡಿಮೆ ಸಂಬಳಕ್ಕೆ ದಿಕ್ಕಿಲ್ಲದೆ ದುಡಿಸಿ, ಮೇಲೆ ಓಡಿಹೋದರು ಎಂದು ದೂರುವುದು ಯಾವ ನ್ಯಾಯ?

ಹೊಸಬರಿಗೆ ಹಿರಿಯರ ಆಸರೆ ಬೇಕೆಂಬ ಬುದ್ಧಿ ಇಂಗ್ಲೆಂಡಿಗೂ ಸುಮ್ಮನೆ ಬರಲಿಲ್ಲ. 2007ರಲ್ಲಿ ಲಂಡನ್ನಿನ ಹ್ಯಾರಿಂಗೆಯಲ್ಲಿ ಹದಿನೇಳು ತಿಂಗಳ ಪೀಟರ್ ಕಾನಲಿ ಮನೆಯವರ ಹಿಂಸೆಯಿಂದ ಸತ್ತ. ಸಮಾಜ ಕಾರ್ಯಕರ್ತರು, ವೈದ್ಯರು, ಪೊಲೀಸರು ಎಲ್ಲರೂ ಅವನನ್ನು ಕಂಡಿದ್ದವರೇ. ಪತ್ರಿಕೆಗಳು ಸಮಾಜ ಕಾರ್ಯಕರ್ತರ ತಲೆದಂಡ ಕೇಳಿದವು. ಆ ಗದ್ದಲದ ನಂತರದ ಸುಧಾರಣೆಗಳ ಫಲವಾಗಿ 2012ರಲ್ಲಿ ಹೊಸಬರಿಗೆ ಬೆಂಬಲದ ಮೊದಲ ವರ್ಷ ಎಂಬ ವ್ಯವಸ್ಥೆ ಬಂತು. ಪಳಗಿದವರಿಗೆ ಕೊಡುವ ಕೆಲಸದ ಶೇ 90ರಷ್ಟೇ ಹೊರೆ, ಮೊದಲ ಆರು ವಾರ ವಾರಕ್ಕೊಮ್ಮೆ ಹಿರಿಯರೊಡನೆ ಕೂತು ಪ್ರಕರಣಗಳ ಚರ್ಚೆ, ಆರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ. ಅಲ್ಲೂ ಎಷ್ಟೋ ಕಡೆ ಇದು ಕಡತ ತುಂಬುವ ವರ್ಷವಾಗಿದೆ ಎಂಬ ದೂರಿದೆ, ಕೆಲಸ ಬಿಡುವವರೂ ಕಡಿಮೆಯಿಲ್ಲ. ಆದರೂ ಹೊಸಬರು ಹೊಸಬರೇ ಎಂದು ಸರ್ಕಾರ ಬರೆದು ಒಪ್ಪಿಕೊಂಡಿದೆ.

ನಮ್ಮಲ್ಲಿ ವಕೀಲರಿಗೆ, ನರ್ಸ್‌ಗಳಿಗೆ ಶಾಸನಬದ್ಧ ಪರಿಷತ್ತಿದೆ. ಸಮಾಜ ಕಾರ್ಯಕರ್ತರಿಗೆ ರಾಷ್ಟ್ರಮಟ್ಟದಲ್ಲಿ ಅಂಥದ್ದಿಲ್ಲ. ಮಸೂದೆಯ ಮಾತು ದಶಕಗಳಿಂದ ನಡೆದೇ ಇದೆ, ನಡೆಯಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅದಕ್ಕಾಗಿ ಕಾಯಬೇಕಿಲ್ಲ. ಮೊದಲ ವರ್ಷದವರು ಒಬ್ಬರೇ ವರದಿಗೆ ಸಹಿ ಹಾಕಬಾರದು, ಅನುಭವಿಯೊಬ್ಬರ ಸಹಿಯೂ ಇರಬೇಕು ಎಂದು ಒಂದು ಸುತ್ತೋಲೆ ಹೊರಡಿಸಲಿ. ಜಿಲ್ಲೆಗಳಲ್ಲಿರುವ ನಿವೃತ್ತ ಪರಿವೀಕ್ಷಣಾಧಿಕಾರಿಗಳನ್ನು, ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಸದಸ್ಯರನ್ನು ಗೌರವಧನ ಕೊಟ್ಟು ವಾರಕ್ಕೊಂದು ಮಧ್ಯಾಹ್ನ ಕರೆಸಲಿ. ಮುಂದಿನ ನೇಮಕಾತಿ ಆದೇಶದಲ್ಲೇ ಆ ಹಿರಿಯರ ಹೆಸರೂ ಫೋನ್ ನಂಬರೂ ಇರಲಿ.