ಸರ್ವಾನುಮತದ ಕೊನೆಯ ಸಾಲಿನಲ್ಲಿ ಕೂತವರು

ನೀವು ಆ ಗ್ರಾಮಸಭೆಯಲ್ಲಿದ್ದಿರಿ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಮುಂದಿನ ಕುರ್ಚಿಗಳು ಊರಿನ ದೊಡ್ಡವರಿಗೆ, ಅದರ ಹಿಂದಿನವು ನಿಮ್ಮಂಥವರಿಗೆ. ಎಲ್ಲಕ್ಕಿಂತ ಹಿಂದೆ, ಕಂಬದಾಚೆ, ಜಮಖಾನದ ಮೇಲೆ, ಒಂದು ದಿನದ ಕೂಲಿ ಬಿಟ್ಟು ಬಂದ ಕಾಲೊನಿಯ ಹೆಂಗಸರು. ಪಿಡಿಒ ಮನೆಗಳ ಫಲಾನುಭವಿ ಪಟ್ಟಿ ಓದಿದರು. ಮೂರನೆಯ ಹೆಸರಿನವರಿಗೆ ಆಗಲೇ ತಾರಸಿ ಮನೆಯಿದೆ ಎಂದು ನಿಮಗೆ ಗೊತ್ತಿತ್ತು. ಮಳೆ ಹಿಡಿದರೆ ಸೋರುವ ತಗಡಿನ ಕೆಳಗೆ ಪಾತ್ರೆಗಳನ್ನಿಟ್ಟು ರಾತ್ರಿಯೆಲ್ಲ ಎಚ್ಚರವಿರುವ ಆ ವಿಧವೆಯ ಹೆಸರು ಬರಲೇ ಇಲ್ಲ ಎಂದೂ ಗೊತ್ತಿತ್ತು. "ಯಾರದಾದರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿದಾಗ ನೀವು ಪಕ್ಕದವರ ಮುಖ ನೋಡಿದಿರಿ, ಅವರು ನಿಮ್ಮ ಮುಖ ನೋಡಿದರು, ಆಮೇಲೆ ಇಬ್ಬರೂ ನೆಲ ನೋಡಿದಿರಿ. ನಡವಳಿ ಪುಸ್ತಕದಲ್ಲಿ ಸಾಲೊಂದು ಬಿತ್ತು: ಸರ್ವಾನುಮತದಿಂದ ಅಂಗೀಕರಿಸಲಾಯಿತು.

ನೀವು ಕಲ್ಲು ಮನಸ್ಸಿನವರಲ್ಲ, ಅದನ್ನು ನಾನು ಬಲ್ಲೆ. ಅದೇ ವಿಧವೆಯ ಮಗನಿಗೆ ಜ್ವರ ಏರಿದ ರಾತ್ರಿ ಬೈಕು ತೆಗೆದು ಆಸ್ಪತ್ರೆಗೆ ಓಡಿದವರು ನೀವೇ. ಒಬ್ಬರೇ ಇದ್ದಾಗ ಇಷ್ಟು ಕರಗುವ ಜೀವ ನೂರು ಜನರ ನಡುವೆ ಯಾಕೆ ಹೆಪ್ಪುಗಟ್ಟುತ್ತದೆ? ನಾನೂ ಹಾಗೆ ತಲೆ ತಗ್ಗಿಸಿ ಕೂತಿದ್ದೇನೆ, ಆ ಸಂಕಟ ನನಗೂ ಗೊತ್ತು. ಊರಲ್ಲಿ ಬಾಳಬೇಕಲ್ಲ, ನಾಳೆ ಟ್ರ್ಯಾಕ್ಟರಿಗೆ ಅವರ ಬಾಗಿಲಿಗೇ ಹೋಗಬೇಕಲ್ಲ, ಎಲ್ಲರೂ ಸುಮ್ಮನಿರುವಾಗ ನನ್ನದೊಂದು ಬಾಯಿ ಯಾಕೆ ಎಂಬ ಲೆಕ್ಕ. ಪಕ್ಕದವರೂ ಅದೇ ಲೆಕ್ಕ ಹಾಕುತ್ತಿದ್ದರು. ಒಬ್ಬರ ಮೌನವನ್ನು ಇನ್ನೊಬ್ಬರು ಒಪ್ಪಿಗೆ ಎಂದುಕೊಂಡರು, ಒಳಗೊಳಗೇ ಯಾರೂ ಒಪ್ಪದ ಮಾತಿಗೆ ಇಡೀ ಊರು ಒಪ್ಪಿದಂತಾಯಿತು.

ಗುಂಪಿನೆದುರು ಹೀಗೆ ಬಾಗುವುದರ ಬಗ್ಗೆಯೇ 1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊದಲೇ ಹೇಳಿಕೊಟ್ಟು ಕೂರಿಸಿದ್ದ ಮಂದಿ, ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆಗಳ ಉದ್ದವನ್ನು ಒಬ್ಬರ ಹಿಂದೊಬ್ಬರಂತೆ ತಪ್ಪಾಗಿ ಹೇಳಿದಾಗ, ಏನೂ ಅರಿಯದೆ ಬಂದಿದ್ದವರು ಸುಮಾರು ಮೂರರಲ್ಲಿ ಒಂದು ಸಲ ತಮ್ಮ ಕಣ್ಣನ್ನೇ ಬಿಟ್ಟುಕೊಟ್ಟು ಗುಂಪಿನ ಜೊತೆ ಹೋದರು. ಆದರೆ ಗುಂಪಿನಲ್ಲಿ ಇನ್ನೊಬ್ಬರು, ಒಬ್ಬರೇ ಒಬ್ಬರು, ಸರಿಯಾದದ್ದನ್ನು ಹೇಳಿದಾಗ ಹಾಗೆ ಬಾಗುವುದು ಕಾಲು ಭಾಗಕ್ಕೆ ಇಳಿಯಿತು. ಆ ಒಬ್ಬರಿಗಾಗಿಯೇ ಕಂಬದಾಚೆ ಕೂತವರು ಕಾಯುತ್ತಿದ್ದರು.

ಗ್ರಾಮಸಭೆಯ ಈ ಶಾಮಿಯಾನ ಪುಕ್ಕಟೆ ಬಂದದ್ದಲ್ಲ. ಬೋರ್‌ವೆಲ್‌ಗಳಿಂದಾಗಿ ಜನ ನೀರ್ ಸಾಬ್ ಎಂದು ಕರೆದ, ಕರ್ನಾಟಕದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅಧಿಕಾರವನ್ನು ಊರಿಗೆ ಇಳಿಸಬೇಕೆಂದು ಹಟ ಹಿಡಿದರು. 1987ರ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ 25 ಮೀಸಲಾತಿ ಬಂತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾಗಿ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಬೇರೆ ಸಭೆಗಳಲ್ಲಿ ನಮ್ಮ ಪರವಾಗಿ ಬೇರೆಯವರು ಕೂರುತ್ತಾರೆ, ಇಲ್ಲಿ ನಾವೇ ಕೂರುತ್ತೇವೆ. ಕೂತೂ ಬಾಯಿ ಬಿಡದಿದ್ದರೆ ಆ ವಿಧವೆಯ ಅರ್ಜಿ ಇನ್ನೊಂದು ಸುತ್ತು ಅಲೆಯುತ್ತದೆ, ಕಾಲೊನಿಗೆ ಬರಬೇಕಿದ್ದ ನಲ್ಲಿ ಯಾರದೋ ಹಿತ್ತಲಿಗೆ ಹೋಗುತ್ತದೆ, ಕೊಡ ಹೊತ್ತ ಹುಡುಗಿಗೆ ಶಾಲೆಯ ಮೊದಲ ಗಂಟೆ ತಪ್ಪುತ್ತದೆ. ಕೇಳಲು ಹೋದರೆ ಪುಸ್ತಕ ತೆರೆದು ತೋರಿಸುತ್ತಾರೆ: ಸರ್ವಾನುಮತದಿಂದ ಅಂಗೀಕರಿಸಲಾಯಿತು. ಆ 'ಸರ್ವ'ದೊಳಗೆ ಆಕೆ ಇರಲಿಲ್ಲ. ನೀವು ಇದ್ದಿರಿ.

ಭಾಷಣ ಮಾಡಿ ಎಂದು ನಾನು ಕೇಳುತ್ತಿಲ್ಲ, ಯಾರ ಮೇಲೂ ಎಗರಿ ಹೋಗಿ ಎಂದೂ ಅಲ್ಲ. ಮುಂದಿನ ಸಭೆಗೆ ತಪ್ಪದೆ ಬನ್ನಿ. ಬಂದವರು ಕಂಬದಾಚೆ ಜಮಖಾನದ ಮೇಲೆ ಕೂರಿ. ಪಟ್ಟಿ ಓದಿ ಮುಗಿದು ಆಕ್ಷೇಪಣೆ ಇದೆಯಾ ಎಂದು ಕೇಳಿದಾಗ ಎದ್ದು ನಿಂತು, "ಸಾರ್, ಈ ಅಮ್ಮನ ಹೆಸರು ಬಿಟ್ಟುಹೋಗಿದೆ, ಬರೆದುಕೊಳ್ಳಿ" ಎನ್ನಿ.